ಗ್ಲೌಸ್ ಹಾಕಿದ ಕೈ, ಎಣ್ಣೆ ಹಚ್ಚಿದ ಜಡೆ

ಅಮ್ಮ ಹಚ್ಚಿದ ಕೊಬ್ಬರಿ ಎಣ್ಣೆಯಿಂದ ನನ್ನ ಕೆಲಸ ಹೋಗುವುದರಲ್ಲಿತ್ತು ಎಂದರೆ ಯಾರೂ ನಂಬುವುದಿಲ್ಲ. ನಂಬದಿದ್ದರೆ ಬೇಡ, ನಡೆದದ್ದು ನಡೆದದ್ದೇ.

ಎಂಬತ್ತರ ದಶಕದ ಕೊನೆ. ಬಿ.ಎಸ್ಸಿ. ಮುಗಿಸಿ, ಮುಂಬೈ ಉಪನಗರದ ಒಂದು ಪ್ರಯೋಗಾಲಯಕ್ಕೆ ಆರು ತಿಂಗಳ ಟ್ರೈನಿಯಾಗಿ ಸೇರಿದ್ದೆ. ಅಲ್ಲಿ ಲೇಸರ್ ಬೆಳಕಿನಿಂದ ಪರಮಾಣುಗಳನ್ನು ಹಿಡಿದು ನಿಲ್ಲಿಸುವ ಪ್ರಯತ್ನ ನಡೆದಿತ್ತು. “ಈ ಕ್ವಾಂಟಮ್ ವಿದ್ಯೆಯಿಂದ ಮುಂದೆ ಏನೇನೋ ಯಂತ್ರ ಬರುತ್ವೆ. ಬಂದಾಗ ಕಟ್ಟೋ ಕೈ ನಮ್ಮಲ್ಲಿ ಇರಬೇಕಲ್ಲ?” ಎನ್ನುತ್ತಿದ್ದರು ನಮ್ಮ ಮುಖ್ಯ ವಿಜ್ಞಾನಿ. ಆ ಕೈಗಳನ್ನು ತಯಾರು ಮಾಡುವ ಹೊಣೆ, ನಾವೆಲ್ಲ ಮೇಷ್ಟ್ರು ಎನ್ನುತ್ತಿದ್ದ ಹಿರಿಯ ಟೆಕ್ನಿಷಿಯನ್ನರದು. ಉಡುಪಿ ಕಡೆಯವರು. ಮುಂಬೈಯ ಫೋರ್ಟ್ ಪೇಟೆಯ ಹೋಟೆಲಿನಲ್ಲಿ ದೋಸೆ ಹುಯ್ಯುತ್ತಲೇ ಐಟಿಐ ಮುಗಿಸಿ ಬಂದವರು. ತಲೆ ಪೂರ್ತಿ ಬೋಳು.

ನನ್ನ ಪರೀಕ್ಷೆ ಇಷ್ಟೇ: ಪರಮಾಣುಗಳನ್ನು ಹಿಡಿದಿಡಲು ಬೇಕಾದ, ಕುಕ್ಕರಿನಷ್ಟು ದೊಡ್ಡ ಸ್ಟೀಲಿನ ಪಾತ್ರೆಯೊಂದನ್ನು ತೊಳೆದು, ಜೋಡಿಸಿ, ಪಂಪಿನಿಂದ ಒಳಗಿನ ಗಾಳಿಯನ್ನೆಲ್ಲ ಎಳೆಯಬೇಕು. ಶನಿವಾರದೊಳಗೆ ಮೀಟರಿನ ಸೂಜಿ ಕೆಂಪು ಗೆರೆಯ ಕೆಳಗೆ ಇಳಿದರೆ ಕೆಲಸ ಖಾಯಂ. ಇಳಿಯದಿದ್ದರೆ ಬ್ಯಾಂಕ್ ಪರೀಕ್ಷೆ ಬರೆಯಬೇಕೆಂದು ಫೋರ್ಟಿನಲ್ಲಿ ಗುಮಾಸ್ತರಾಗಿದ್ದ ಅಪ್ಪ ಆಗಲೇ ಫಾರಂ ತಂದಿಟ್ಟಿದ್ದರು. ಅದನ್ನು ನೋಡಿದರೆ ನನಗೆ ಮೈಯೆಲ್ಲ ಉರಿಯುತ್ತಿತ್ತು.

ಸೂಜಿ ಗೆರೆಯ ಹತ್ತಿರ ಬಂದು ನಿಂತುಬಿಡುತ್ತಿತ್ತು. ಮೂರು ದಿನ ಬೋಲ್ಟ್ ಬಿಗಿದೆ, ಎಲ್ಲಾದರೂ ಸೋರುತ್ತಿದೆಯೇ ಎಂದು ಹುಡುಕಿದೆ. ಎಲ್ಲೂ ಇಲ್ಲ.

“ಪಂಪೇ ಸರಿ ಇಲ್ಲ ಮೇಷ್ಟ್ರೇ!” ಎಂದು ಗುರುವಾರ ಕೂಗಾಡಿದೆ.

“ಕುಣಿಲಿಕ್ಕೆ ಬಾರದವಳು ನೆಲ ಡೊಂಕು ಅಂದಳಂತೆ,” ಎಂದು ನಕ್ಕರು. “ಬಿಚ್ಚು ಮಾರಾಯ್ತಿ. ಮೊದಲಿಂದ ತೊಳಿ. ನಾನು ನೋಡ್ತೇನೆ.”

ಸೀಮೆಸುಣ್ಣ ಹಿಡಿದು ಸ್ಟೂಲಿನ ಮೇಲೆ ಕೂತರು. ನಾನು ಗ್ಲೌಸ್ ಹಾಕಿಕೊಂಡು ಒಂದೊಂದೇ ಭಾಗ ಒರೆಸತೊಡಗಿದೆ. ಮುಗಿಯುವಷ್ಟರಲ್ಲಿ ಅವರ ಮೇಜಿನ ಮೇಲೆ ಹನ್ನೊಂದು ಗೆರೆ.

“ಏನಿದು ಮೇಷ್ಟ್ರೇ?”

“ನೀನು ಕೂದಲು ಹಿಂದೆ ಸರಿಸಿದ್ದು.”

ಅಯ್ಯೋ ರಾಮಾ! ದಿನಾ ಬೆಳಿಗ್ಗೆ ಅಮ್ಮ ಅಂಗೈ ತುಂಬ ಎಣ್ಣೆ ಹಚ್ಚಿ ಜಡೆ ಹಾಕುತ್ತಿದ್ದಳು. ಕುರ್ಲಾದಿಂದ ಲೋಕಲ್ ರೈಲು ಹತ್ತಿದರೆ ಗಾಳಿಗೆ ನಾಲ್ಕು ಕೂದಲು ಬಿಚ್ಚಿ ಮುಖಕ್ಕೆ ಬೀಳುತ್ತಿತ್ತು, ಕೈ ತಾನಾಗಿಯೇ ಕಿವಿಯ ಹತ್ತಿರ ಹೋಗುತ್ತಿತ್ತು.

“ಗ್ಲೌಸ್ ಹಾಕಿದೀನಲ್ಲ!”

“ಕೈಗೆ ಹಾಕಿದ್ದಿ, ಜಡೆಗೆ ಹಾಕಿದ್ದಿಯಾ? ಆ ಜಿಡ್ಡು ಗ್ಲೌಸಿಗೆ, ಗ್ಲೌಸಿಂದ ಸ್ಟೀಲಿಗೆ. ಪಂಪು ಗಾಳಿ ಎಳೀತದೆ, ನಿನ್ನ ಎಣ್ಣೆ ಒಳಗಿಂದ ಆವಿ ಬಿಡ್ತದೆ. ಸೂಜಿ ಇಳಿಯುವುದು ಹೇಗೆ?” ಬೋಳು ತಲೆ ಸವರಿಕೊಂಡರು. “ನನಗೆ ಈ ತಾಪತ್ರಯ ಇಲ್ಲ ನೋಡು.”

ನಾಚಿಕೆಯಿಂದ ಸತ್ತುಹೋದೆ.

ಮನೆಗೆ ಬಂದು, ಇನ್ನು ಎಣ್ಣೆ ಬೇಡ ಎಂದೆ. ಅಮ್ಮ ಕೆಂಡವಾದಳು. “ಎಣ್ಣೆ ಕಾಣದ ತಲೇಲಿ ಹೊರಗೆ ಹೋಗ್ತಾರೇನೇ? ಹಾಗಿದ್ರೆ ಆ ಕೆಲಸಾನೇ ಬೇಡ!”

“ಸರಿ ಬಿಡು. ಫಾರಂ ಕೊಡು, ಈಗಲೇ ತುಂಬ್ತೀನಿ,” ಎಂದು ಅತ್ತುಬಿಟ್ಟೆ.

ಅಮ್ಮ ಫಾರಂ ಕೊಡಲಿಲ್ಲ. ಬೆಳಿಗ್ಗೆ ತಾನೇ ಎರಡು ಸಲ ಸೀಗೆಕಾಯಿ ಹಾಕಿ ತಲೆ ತೊಳೆದು, ಎಣ್ಣೆ ಸ್ನಾನದ ದಿನ ಸುತ್ತುವ ಹಳೇ ಪಂಚೆಯ ತುಂಡನ್ನು ತಲೆಗೆ ಬಿಗಿಯಾಗಿ ಕಟ್ಟಿದಳು.

“ಬಾಣಂತಿ ಥರ ಕಾಣ್ತೀನಿ ಅಮ್ಮ.”

“ಕಾಣು. ಸೂಜಿ ಇಳಿದ್ರೆ ಸಾಕು.”

ಲೇಡೀಸ್ ಡಬ್ಬಿಯಲ್ಲಿ ಒಬ್ಬ ಮರಾಠಿ ಹೆಂಗಸು ನನ್ನನ್ನು ನೋಡಿದ್ದೇ ಎದ್ದು ಸೀಟು ಕೊಟ್ಟಳು. ಮರ್ಯಾದೆ ಬಿಟ್ಟು ಕೂತುಕೊಂಡೆ. ಆ ಹೊತ್ತಿನಲ್ಲಿ ಸೀಟು ಯಾರಿಗೆ ಸಿಗುತ್ತದೆ?

ಶುಕ್ರವಾರವೆಲ್ಲ ತೊಳೆದು, ಜೋಡಿಸಿ, ಒಳಗಿನ ತೇವವೂ ಆವಿಯಾಗಿ ಪಂಪಿಗೆ ಹೋಗಲೆಂದು ಪಾತ್ರೆಯನ್ನು ಬಿಸಿಯಲ್ಲಿಟ್ಟೆ. ಶನಿವಾರ ಸೂಜಿ ಹಳೇ ಜಾಗಕ್ಕೆ ಬಂದಾಗ ನಾನು ಕಣ್ಣು ಮುಚ್ಚಿಕೊಂಡೆ. “ಕಣ್ಣು ಬಿಡು, ದಾಟಿತು,” ಎಂದರು ಮೇಷ್ಟ್ರು. ಗೆರೆಯ ಕೆಳಗೆ ಇನ್ನೂ ಇಳಿಯುತ್ತಲೇ ಇತ್ತು. ಖುಷಿಗೆ ನನ್ನ ಕೈ ಕಿವಿಯ ಹತ್ತಿರ ಹೋಗಿ, ಬಟ್ಟೆಗೆ ತಾಗಿ ವಾಪಸು ಬಂತು. ಮುಖ್ಯ ವಿಜ್ಞಾನಿ ಬಂದು ನೋಡಿ, ನನ್ನನ್ನು ಖಾಯಂ ಮಾಡುವ ಕಾಗದಕ್ಕೆ ಸಹಿ ಹಾಕಿದರು.

ಸಂಜೆ ಸುದ್ದಿ ಹೇಳಿದ ಕೂಡಲೇ ಅಮ್ಮ ತಲೆಯ ಬಟ್ಟೆ ಬಿಚ್ಚಿ ನನ್ನನ್ನು ನೆಲದ ಮೇಲೆ ಕೂರಿಸಿದಳು.

“ನಾಳೆ ಭಾನುವಾರ ತಾನೇ?” ಎಂದು ಅಂಗೈ ತುಂಬ ಎಣ್ಣೆ ಸುರಿದು ತಟ್ಟಿದಳು. ಹಣೆ, ಕಿವಿಯೆಲ್ಲ ಎಣ್ಣೆ. ನೆಲಕ್ಕೆ ಜಿಡ್ಡಾಗದಿರಲೆಂದು ಎಣ್ಣೆ ಬಟ್ಟಲಿನ ಕೆಳಗೆ ಒಂದು ಕಾಗದ ಹಾಸಿದ್ದಳು. ಬಗ್ಗಿ ನೋಡಿದರೆ, ಅಪ್ಪ ತಂದಿಟ್ಟಿದ್ದ ಬ್ಯಾಂಕಿನ ಫಾರಂ.