ಕೆಟ್ಟ ಮಾಲು ಇಲ್ಲದ ಅಂಗಡಿ

ಅವಳನ್ನು ಮೊದಲು ಮಾತಿನಮಲ್ಲಿ ಎಂದು ಕರೆದವರು ಬಟ್ಟೆ ಅಂಗಡಿಯ ಯಜಮಾನರೇ. ಬೈಗುಳವಾಗಿ ಹುಟ್ಟಿದ ಆ ಹೆಸರು ತಿಂಗಳೊಪ್ಪತ್ತಿನಲ್ಲಿ ಬಿರುದಾಗಿಹೋಯಿತು. ಕಿಟಕಿಗೆ ಪರದೆ ಬೇಕೆಂದು ಬಂದವರು ಹಾಸಿಗೆ ಹೊದಿಕೆ, ದಿಂಬಿನ ಚೀಲ, ಸಾಲದ್ದಕ್ಕೆ ಮೇಜಿಗೊಂದು ಹಾಸು ಹೊತ್ತುಕೊಂಡು ಹೋಗುತ್ತಿದ್ದರೆ ಅದು ಅವಳ ನಾಲಗೆಯ ಪ್ರತಾಪ. ಬರಿಗೈಯಲ್ಲಿ ಹೋದವರೂ ಇದ್ದರೆನ್ನಿ. ಆದರೆ ಅವರೂ ಬಾಗಿಲ ಹತ್ತಿರ ಒಮ್ಮೆ ತಿರುಗಿ, ನಕ್ಕು, ಮುಂದಿನ ವಾರ ತಪ್ಪದೆ ಬರುತ್ತಿದ್ದರು.

ಅಪ್ಪ ಹಾಸಿಗೆ ಹಿಡಿದಾಗ ಓದು ಬಿಟ್ಟು ಥಾನು ಮಡಿಸಲು ಸೇರಿದವಳು ಅವಳು. ಸುತ್ತಿದ ಬಟ್ಟೆಯ ಥಾನನ್ನು ಒಂದೇ ಬೀಸಿಗೆ ಕೌಂಟರಿನ ಉದ್ದಕ್ಕೂ ಬಿಚ್ಚಿ, ಅಂಚು ಸರಿಯಾಗಿ ಗಿರಾಕಿಯ ಬೆರಳಿಗೇ ತಾಗುವಂತೆ ನಿಲ್ಲಿಸುವ ವಿದ್ಯೆಯನ್ನು ಕಲಿಸಿದವರು ಯಜಮಾನರು. ಅದಕ್ಕಿಂತ ದೊಡ್ಡ ಪಾಠ ಇನ್ನೊಂದಿತ್ತು. "ನಮ್ಮ ಮಾಲನ್ನ ಯಾರಾದ್ರೂ ಕಳಪೆ ಅಂದ್ರೆ ಸುಮ್ನಿರಬಾರದು. ನಮ್ಮ ಅಂಗಡೀಲಿ ಕೆಟ್ಟ ಮಾಲು ಅನ್ನೋದೇ ಇಲ್ಲ." ಯಜಮಾನರಿಗೆ ಇದು ವ್ಯಾಪಾರದ ಮಾತಲ್ಲ, ವಾಸಿಯಾಗದ ರೋಗ. ಇಲಿ ಕಡಿದ ಕಂಬಳಿಯನ್ನು "ಗಾಳಿಯಾಡುತ್ತೆ, ಬೇಸಿಗೆಗೆ ಹೇಳಿ ಮಾಡಿಸಿದ್ದು" ಎಂದು ಮಾರಿದ ಮಹಾನುಭಾವರು ಅವರು. ಅಂಗಡಿಯ ಕುರ್ಚಿ ಮುರಿದು ಗಿರಾಕಿಯೊಬ್ಬರು ಬಿದ್ದಾಗಲೂ "ಕುರ್ಚಿ ಗಟ್ಟಿಯೇ, ನೀವು ಕೂತ ರೀತಿ ಸ್ವಲ್ಪ..." ಎಂದು ಶುರುಮಾಡಿದ್ದರು.

ತಾಯಿ ತೀರಿಕೊಂಡ ವರ್ಷ ಮಾತಿನಮಲ್ಲಿ ತಲೆಗೆ ಬಟ್ಟೆ ಕಟ್ಟಲು ತೊಡಗಿದಳು. ಅವಳ ಧರ್ಮದ ಹೆಂಗಸರಲ್ಲಿ ಕೆಲವರು ಕಟ್ಟುತ್ತಾರೆ, ಕೆಲವರು ಕಟ್ಟುವುದಿಲ್ಲ. ತಾಯಿ ಕಟ್ಟುತ್ತಿದ್ದಳು, ಇವಳು ಅದುವರೆಗೆ ಕಟ್ಟಿರಲಿಲ್ಲ. ಈಗ ಕಟ್ಟಬೇಕೆನಿಸಿತು, ಕಟ್ಟಿದಳು. ಯಾರ ಬಲವಂತವೂ ಇರಲಿಲ್ಲ. ಗಂಡನಂತೂ ಬಸ್ಸು ಓಡಿಸುವವನು, ಎದುರಿನ ರಸ್ತೆ ಬಿಟ್ಟು ಬೇರೇನೂ ಕಾಣದ ಪ್ರಾಣಿ. ಒಂದು ವಾರ ಕಳೆದ ಮೇಲೆ "ಏನೋ ಬದಲಾಗಿದೆಯಲ್ಲ, ಹೊಸ ಓಲೆನಾ?" ಎಂದು ಕೇಳಿದ್ದ.

ಅದೇ ಹೊತ್ತಿಗೆ ಅಂಗಡಿಗೆ ಯಜಮಾನರ ಅಳಿಯನ ಪ್ರವೇಶವಾಗಿತ್ತು. ಮಾವನ ಗಲ್ಲಾಪೆಟ್ಟಿಗೆಯ ಪಕ್ಕದಲ್ಲಿ ಕುರ್ಚಿ ಹಾಕಿಕೊಂಡು ಅವನು ಇಡೀ ದಿನ ಗಿರಾಕಿಗಳ ಮನಸ್ಸಿನ ಬಗ್ಗೆ ಮಾತಾಡುತ್ತಿದ್ದ. ಗಿರಾಕಿಗಳ ಜೊತೆ ಮಾತ್ರ ಮಾತಾಡುತ್ತಿರಲಿಲ್ಲ.

"ಮಾವ, ಆ ತಲೆಬಟ್ಟೆ ಎದುರಿಗಿದ್ರೆ ಗಿರಾಕಿಗಳಿಗೆ ಮುಜುಗರ. ಒಂದೋ ತೆಗೀಲಿ, ಇಲ್ಲ ಗೋದಾಮಿಗೆ ಹೋಗ್ಲಿ" ಎಂದ.

"ಯಾವ ಗಿರಾಕಿ ಹಾಗಂದ್ರು?"

"ಬಾಯಿಬಿಟ್ಟು ಹೇಳಲ್ಲ ಮಾವ, ಒಳಗೊಳಗೇ ಅಂದ್ಕೊಳ್ತಾರೆ."

ಯಾರೂ ಆಡದ ಮಾತನ್ನು ಕೇಳಿಸಿಕೊಳ್ಳುವಂಥ ಅಳಿಯ ಸಿಗುವುದಕ್ಕೂ ಪುಣ್ಯ ಬೇಕು. ಯಜಮಾನರಿಗೆ ಒಳಗೆ ಇಷ್ಟವಿರಲಿಲ್ಲ, ಆದರೆ ಮಗಳ ಸಂಸಾರ ನೆನಪಾಗಿ ಹೂಂಗುಟ್ಟಿದರು. ಮಾತಿನಮಲ್ಲಿಯನ್ನು ಕರೆದು, ಮುಖ ನೋಡದೆ, "ನಾಳೆಯಿಂದ ಒಳಗೆ ಥಾನುಗಳಿಗೆ ಚೀಟಿ ಅಂಟಿಸೋ ಕೆಲಸ ನೋಡ್ಕೋಮ್ಮ. ಸಂಬಳ ಅಷ್ಟೇ ಇರುತ್ತೆ" ಎಂದರು. ತಲೆಬಟ್ಟೆ ತೆಗೆದರೆ ಇಲ್ಲೇ ಇರಬಹುದು ಎಂದು ಅಳಿಯ ಸೇರಿಸಿದ. ಅವಳು ತೆಗೆಯಲಿಲ್ಲ.

ಗೋದಾಮಿಗೆ ಕಿಟಕಿ ಇರಲಿಲ್ಲ. ದಿನವೆಲ್ಲ ಆಡಿ ಅಭ್ಯಾಸವಾದ ನಾಲಗೆ, ಕೇಳುವುದಕ್ಕೆ ಒಂದು ಕಿವಿಯೂ ಇಲ್ಲ. ಮೊದಮೊದಲು ಅತ್ತಳು. ಸಂಬಳ ಕಡಿಮೆಯಾಗಿಲ್ಲವಲ್ಲ, ಸುಮ್ಮನಿರು ಎಂದು ನಾದಿನಿ ಸಮಾಧಾನ ಹೇಳಿದಾಗ ಇನ್ನೂ ಜೋರಾಗಿ ಅತ್ತಳು. ಆ ಕೌಂಟರಿನ ಹಿಂದೆ ನಿಂತು ಅವಳು ಬಟ್ಟೆಯನ್ನಷ್ಟೇ ಮಾರಿರಲಿಲ್ಲ, ಮರ್ಯಾದೆ ಗಳಿಸಿದ್ದಳು. ಅದು ಹೋದರೆ ತಾನು ಚೀಟಿ ಅಂಟಿಸುವ ಎರಡು ಕೈ ಅಷ್ಟೇ ಎಂಬುದು ಅವಳಿಗೆ ಗೊತ್ತಿತ್ತು.

ಆಮೇಲೆ ಅಳುವುದೂ ಬೇಜಾರಾಗಿ, ಥಾನುಗಳಿಗೇ ವ್ಯಾಪಾರ ಮಾಡಲು ಕೂತಳು, ಅದೂ ಗಂಟಲು ಹರಿಯುವಂತೆ. "ಬನ್ನಿ ನೀಲಿಯಮ್ಮ, ನಿಮ್ಮ ಪಕ್ಕಕ್ಕೆ ಈ ಹಳದಿಯಪ್ಪ ಎಷ್ಟು ಚೆನ್ನಾಗಿ ಒಪ್ತಾರೆ ನೋಡಿ! ಜೋಡಿ ತಪ್ಪಿಸ್ಬೇಡಿ!" ಹೊರಗೆ ಗಿರಾಕಿಗಳು ಕಿವಿ ನಿಮಿರಿಸಿದರು. ಅಳಿಯ ಓಡಿಬಂದು "ಯಾರ ಜೊತೆ ಮಾತು?" ಎಂದ.

"ಮುಜುಗರ ಆಗದ ಗಿರಾಕಿಗಳ ಜೊತೆ" ಎಂದಳು.

ಆ ದನಿ ಹಿಡಿದು ಗೋದಾಮಿನೊಳಗೇ ನುಗ್ಗಿದವರು ಒಬ್ಬ ವಕೀಲಮ್ಮ. ಅವರ ಮನೆಯ ಪರದೆಗಳೆಲ್ಲ ಇವಳ ಕೈಯಿಂದಲೇ ಹೋದವು. ವಿಷಯ ಕೇಳಿ ಅವರ ಹುಬ್ಬು ಗಂಟಿಕ್ಕಿತು.

"ಧರ್ಮದ ಗುರುತು ಕಾಣುತ್ತೆ ಅಂತ ನಿನ್ನ ಜಾಗ ಬದಲಾಯಿಸೋ ಹಾಗಿಲ್ಲ ಕಣಮ್ಮ. ಸಂಬಳ ಅಷ್ಟೇ ಕೊಟ್ರೂ ತಾರತಮ್ಯ ತಾರತಮ್ಯಾನೇ. ಗಿರಾಕಿಗೆ ಇಷ್ಟ ಇಲ್ಲ ಅನ್ನೋ ನೆಪ ಕಾನೂನಲ್ಲಿ ನಡೆಯಲ್ಲ."

"ಹಾಗಾದ್ರೆ ಗೆದ್ದ ಹಾಗೇ!"

"ಅಷ್ಟು ಅವಸರ ಬೇಡ. ತಲೆಬಟ್ಟೆಗಲ್ಲ, ಕೆಲಸ ಸರಿಯಿಲ್ಲ ಅಂತ ಒಳಗೆ ಹಾಕಿದ್ವಿ ಅಂತ ಅವರು ಒಂದು ಮಾತು ಅಂದ್ರೆ ಮುಗೀತು, ನಾವು ಒದ್ದಾಡ್ಬೇಕು. ಆ ಅಳಿಯ ಅದನ್ನೇ ಹೇಳಿಸ್ತಾನೆ, ನೋಡ್ತಿರು."

ಮಾತಿನಮಲ್ಲಿ ಕೈಯಲ್ಲಿದ್ದ ಚೀಟಿಯನ್ನು ಥಾನಿಗೆ ಅಂಟಿಸುವ ಬದಲು ತನ್ನ ಅಂಗೈಗೆ ಅಂಟಿಸಿಕೊಂಡು ಸ್ವಲ್ಪ ಹೊತ್ತು ಯೋಚಿಸಿದಳು. ಆಮೇಲೆ ಕಳ್ಳನಗೆ ನಕ್ಕಳು. "ಹೇಳಿಸ್ಲಿ ಬಿಡಿ" ಎಂದಳು.

ಕಾರ್ಮಿಕ ಕಚೇರಿಯಲ್ಲಿ ದೂರು ದಾಖಲಾಗಿ, ವಿಚಾರಣೆಯ ದಿನವೂ ಬಂತು. ಕಿರುಗುಟ್ಟುವ ಫ್ಯಾನಿನ ಕೆಳಗೆ ಉದ್ದನೆಯ ಮೇಜು, ಅದರ ತುದಿಯಲ್ಲಿ ಮಾತು ಕಡಿಮೆಯ ಅಧಿಕಾರಿ. ಒಂದು ಕಡೆ ಯಜಮಾನರು ಮತ್ತು ಅಳಿಯ, ಇನ್ನೊಂದು ಕಡೆ ಮಾತಿನಮಲ್ಲಿ ಮತ್ತು ವಕೀಲಮ್ಮ. ದಾರಿಯುದ್ದಕ್ಕೂ ಅಳಿಯ ಮಾವನಿಗೆ ಗಿಳಿಪಾಠ ಮಾಡಿಸಿದ್ದ. ಯಜಮಾನರು ಎದ್ದು ನಿಂತು, ಕಹಿ ಔಷಧಿ ನುಂಗಿದವರಂತೆ ಮುಖ ಮಾಡಿ, "ತಲೆಬಟ್ಟೆಗೂ ಇದಕ್ಕೂ ಸಂಬಂಧ ಇಲ್ಲ ಸ್ವಾಮಿ. ಇವಳ ಕೆಲಸ... ಅಷ್ಟಕ್ಕಷ್ಟೇ" ಎಂದು ಕೂತುಬಿಟ್ಟರು.

ಅಧಿಕಾರಿ ಅದನ್ನು ಬರೆದುಕೊಂಡರು. ಹೀಗೆ ಆಗುತ್ತದೆಂದು ಮಾತಿನಮಲ್ಲಿಗೆ ಗೊತ್ತಿತ್ತು, ಆದರೂ ಆ ಬಾಯಿಂದಲೇ ಆ ಮಾತು ಕೇಳುವುದು ಬೇರೆ.

"ನೀವೇನಂತೀರಮ್ಮ?"

ಅವಳು ವಿನಯದಿಂದ ಕೈಕಟ್ಟಿ ನಿಂತಳು. "ಯಜಮಾನ್ರು ಹೇಳಿದ್ದು ನಿಜ ಸಾರ್."

ವಕೀಲಮ್ಮ ಹಣೆ ಹಣೆ ಚಚ್ಚಿಕೊಂಡರು. ಅಳಿಯನ ಮುಖ ಅರಳಿತು.

"ನನಗೆ ಒಂದು ಥಾನು ಬಿಚ್ಚೋಕೂ ನೆಟ್ಟಗೆ ಬರಲ್ಲ. ಇಷ್ಟು ವರ್ಷ ಆ ಅಂಗಡೀಲಿ ಕಳಪೆ ಮಾಲಾಗಿ ಬಿದ್ದಿದ್ದೆ ಸಾರ್. ನನ್ನೊಬ್ಬಳದೇ ತಪ್ಪು ಅಂತೀರಾ? ಕಲಿಸೋರು ಹೇಗೋ ಕಲಿಯೋರೂ ಹಾಗೆ. ಎದುರುಗಡೆ ಅಂಗಡಿಯೋರು ತಮ್ಮ ಕೆಲಸದವರನ್ನ ಎಷ್ಟು ಚೆನ್ನಾಗಿ ತಯಾರು ಮಾಡ್ತಾರೆ! ನಮ್ಮ ಅಂಗಡೀಲಿ ಎಲ್ಲಾನೂ ಅಷ್ಟಕ್ಕಷ್ಟೇ."

ಯಜಮಾನರ ಕಿವಿ ಕೆಂಪಾಯಿತು. ಅಳಿಯ ಮೇಜಿನ ಕೆಳಗಿಂದ ಅವರ ಅಂಗಿ ಜಗ್ಗಿದ. ಜಗ್ಗಿದ್ದು ವ್ಯರ್ಥ.

"ಯಾರು, ಎದುರುಗಡೆಯವನಾ? ಅವನಾ?" ಯಜಮಾನರು ಎದ್ದೇಬಿಟ್ಟರು. "ಬರ್ಕೊಳ್ಳಿ ಸ್ವಾಮಿ! ಇವಳಂಥ ಕೆಲಸದವಳು ಇಡೀ ಬೀದೀಲಿ ಇನ್ನೊಬ್ಬಳಿಲ್ಲ. ನಾನೇ ತಯಾರು ಮಾಡಿದ್ದು! ಅರ್ಧ ವ್ಯಾಪಾರ ಇವಳ ಬಾಯಿಂದಾನೇ ಆಗೋದು. ಕಳಪೆಯಂತೆ! ನನ್ನ ಅಂಗಡೀಲಿ ಕಳಪೆ ಯಾವುದಿದೆ, ತೋರಿಸ್ಲಿ!"

"ಮತ್ತೆ ಗೋದಾಮಿಗೆ ಯಾಕೆ ಹಾಕಿದ್ರಿ?" ಎಂದು ಅಧಿಕಾರಿ ತಲೆಯೆತ್ತದೆ ಕೇಳಿದರು.

"ತಲೆಗೆ ಬಟ್ಟೆ ಕಟ್ಟಿದಳು ಅಂತ ಹಾಕಿದ್ದು, ಕೆಲಸಕ್ಕಲ್ಲ! ಕೆಲಸದಲ್ಲಿ ಒಂದೆಳೆಯಷ್ಟೂ ದೋಷ ಇಲ್ಲ. ಆ ಬಟ್ಟೇನೂ ನಮ್ಮ ಅಂಗಡೀದೇ ಸ್ವಾಮಿ. ಎಷ್ಟು ಒಗೆದ್ರೂ ಬಣ್ಣ ಬಿಡಲ್ಲ, ಬೇಕಾದ್ರೆ ಮುಟ್ಟಿ ನೋಡಿ!"

ಬಾಯಿಬಿಟ್ಟರೆ ಬಣ್ಣಗೇಡು ಎನ್ನುತ್ತಾರೆ. ಬಣ್ಣ ಬಿಡದ ಬಟ್ಟೆಯನ್ನು ಹೊಗಳಲು ಹೋಗಿ ಯಜಮಾನರು ತಮ್ಮ ಬಣ್ಣ ಬಿಟ್ಟುಕೊಂಡಿದ್ದರು. ಅಳಿಯ ಎರಡೂ ಕೈಯಲ್ಲಿ ತಲೆ ಹಿಡಿದುಕೊಂಡ. ಅಧಿಕಾರಿ ಅಷ್ಟನ್ನೂ ಬರೆದು, ಯಜಮಾನರ ಸಹಿ ಹಾಕಿಸಿ, ಅವಳನ್ನು ಮರುದಿನದಿಂದಲೇ ಕೌಂಟರಿಗೆ ಕರೆದುಕೊಳ್ಳಬೇಕು, ತಲೆಬಟ್ಟೆಯ ತಂಟೆಗೆ ಹೋಗಬಾರದು, ದೂರು ಕೊಟ್ಟಳೆಂದು ಹಗೆ ಸಾಧಿಸಿದರೆ ಅದೇ ಇನ್ನೊಂದು ಮೊಕದ್ದಮೆಯಾಗುತ್ತದೆ ಎಂದು ಆದೇಶ ಮಾಡಿದರು.

ಮೆಟ್ಟಿಲು ಇಳಿಯುವಾಗ ಯಜಮಾನರಿಗೆ ತಾವು ಬಿದ್ದ ಹಳ್ಳ ಕಂಡಿತು. ಸಿಟ್ಟು ಬರಬೇಕಿತ್ತು, ನಗು ಬಂತು. "ಎಲಾ ಇವಳಾ! ನನ್ನ ಬಾಯಿಂದಾನೇ ನನಗೆ ಬುದ್ಧಿ ಕಲಿಸಿದೆಯಲ್ಲೇ!"

"ಕಲಿಸಿದ ಗುರುಗಳು ನೀವೇ" ಎಂದು ಅವಳೂ ನಕ್ಕಳು.

"ಏನೇ ಆಗ್ಲಿ, ನಿನ್ನ ಕೆಲಸದಲ್ಲಿ ತಪ್ಪಿದೆ ಅಂತ ನಾನು ಮನಸಾರೆ ಯಾವತ್ತೂ ಅಂದವನಲ್ಲ. ಅದನ್ನಾದ್ರೂ ನೆನಪಿಟ್ಕೋ."

ಅವಳ ನಗು ಅಲ್ಲಿಗೇ ನಿಂತಿತು. "ಅದಕ್ಕೇ ಯಜಮಾನ್ರೇ ನಂಗೆ ಅಷ್ಟು ನೋವಾಗಿದ್ದು. ತಪ್ಪಿದ್ದಿದ್ರೆ ತಿದ್ದಿಕೊಳ್ತಿದ್ದೆ. ಏನೂ ತಪ್ಪಿಲ್ಲ ಅಂತ ಗೊತ್ತಿದ್ದೂ ಒಳಗೆ ಕೂರಿಸಿದ್ರಲ್ಲ, ಅದನ್ನ ಹೇಗೆ ತಿದ್ದಿಕೊಳ್ಳಲಿ?"

ಕೆಳಗಿನ ಮೆಟ್ಟಿಲಲ್ಲಿ ಅಳಿಯ ಗಾಡಿಯ ಕೀಲಿ ಹಿಡಿದು ಕಾಯುತ್ತಿದ್ದ. ಯಜಮಾನರು ಅವನನ್ನೊಮ್ಮೆ, ಅವಳನ್ನೊಮ್ಮೆ ನೋಡಿ, ಅವನಿಗೂ ಕೇಳಿಸುವಂತೆ, "ತಪ್ಪು ನಂದಮ್ಮ" ಎಂದರು.

ಹೋಗಲಿ ಬಿಡಿ ಎಂದು ಅವಳು ಹೇಳಬಹುದಿತ್ತು. ಹೇಳಲಿಲ್ಲ. "ಹೌದು, ನಿಮ್ಮದೇ" ಎಂದಳು.