ಗಿನ್ಕಕ್ಕನ ಬಚ್ಚಲ ಚಾವಣಿ

ಗಿನ್ಕಕ್ಕ ಸೋಫಿಯಾದಲ್ಲಿ ಮೂವತ್ತು ವರ್ಷ ಟ್ರಾಮ್ ಓಡಿಸಿದವಳು. ನಿವೃತ್ತಿಯಾಗಿ ಎಷ್ಟೋ ಕಾಲವಾದರೂ ನಮ್ಮ ಕಟ್ಟಡದ ಮೆಟ್ಟಿಲಲ್ಲಿ ಎದುರು ಬಂದವರೇ ಪಕ್ಕಕ್ಕೆ ಸರಿಯಬೇಕು, ಅವಳು ಸರಿಯುವುದಿಲ್ಲ. ಹಳಿಯ ಮೇಲೆ ಬಂದು ರೂಢಿಯಾದವರಿಗೆ ಸರಿಯುವುದು ಹೇಗೆ ಗೊತ್ತಿರಬೇಕು? ನಾನು ಅವಳ ಎದುರು ಬಾಗಿಲಿನವನು. ನನ್ನದು ಪಕ್ಕಕ್ಕೆ ಸರಿದರೂ ಅಷ್ಟೇ ಜಾಗ ಹಿಡಿಯುವ ದೇಹ. ಹಾಗಾಗಿ ಅವಳ ಹೆಜ್ಜೆ ಸದ್ದು ಕೇಳಿದರೆ ಒಂದು ಅಂತಸ್ತು ಹಿಂದಕ್ಕೆ ಇಳಿದು ನಿಂತುಬಿಡುತ್ತೇನೆ.

ಈ ಜನವರಿಯಲ್ಲಿ ಅವಳ ಬಚ್ಚಲುಮನೆಯ ಚಾವಣಿಯಲ್ಲಿ ಒದ್ದೆ ಕಲೆಯೊಂದು ಕಾಣಿಸಿತು. ಮೊದಲು ತಟ್ಟೆಯಗಲ, ಆಮೇಲೆ ತಲೆದಿಂಬಿನಗಲ. ಒಂದು ಬೆಳಗ್ಗೆ ಅವಳು ಹಲ್ಲುಜ್ಜುವಾಗ ಅಂಗೈಯಷ್ಟು ಗಾರೆ ಕಳಚಿ ಭುಜದ ಪಕ್ಕದಲ್ಲೇ ಬಿತ್ತು. ಮಿಕ್ಕದ್ದೂ ಬೀಳುವ ಮೊದಲು ಸೋರುವುದು ಎಲ್ಲಿಂದ ಎಂದು ತಿಳಿಯಲೇಬೇಕಿತ್ತು.

ಮೇಲಿನ ಮನೆ ತ್ರಿಫೋನಣ್ಣನದು. ಹೆಂಡತಿ ತೀರಿಕೊಂಡ ಮೇಲೆ ಒಬ್ಬನೇ ಇದ್ದಾನೆ. ಕಡ್ಡಿಯಂಥ ಆಳು, ಮಾತೂ ಅಷ್ಟೇ ತೆಳು. ದಿನಾ ಬೆಳಗ್ಗೆ ಗಿನ್ಕಕ್ಕನ ಮನೆಗೆ ಬಂದು ಕಾಫಿ ಕುಡಿಯುತ್ತಿದ್ದವನು. ನಿನ್ನ ಶವರ್ ಸೋರುತ್ತಿದೆ ಎಂದು ಇವಳು ಹೇಳಿದಳು, ಇಲ್ಲವೆಂದು ಅವನು ಹೇಳಿದ. ಕೊಳಾಯಿ ಕೆಲಸದವನನ್ನು ಕರೆಸಿದ್ದಾಯಿತು. ಮನೆ ಕೊಳಕಾಗಿದೆ, ನಾಳೆ ಬಾ ಎಂದು ತ್ರಿಫೋನಣ್ಣ ಅವನನ್ನು ಬಾಗಿಲಿಂದಲೇ ಕಳಿಸಿ, ಮರುದಿನ ಒಳಗೆ ಬಿಟ್ಟ. ಕೊಳಾಯಿಯವನು ಒಂದು ಗಂಟೆ ನೀರು ಬಿಟ್ಟ. ಕೆಳಗೆ ಕುರ್ಚಿ ಹಾಕಿಕೊಂಡು ಮೇಲೆ ನೋಡುತ್ತ ಕೂತಿದ್ದ ನನಗೆ ಕತ್ತು ನೋವು ಬಂತೇ ಹೊರತು ಒಂದು ಹನಿ ಬೀಳಲಿಲ್ಲ. ನಿಮ್ಮ ಸ್ನಾನದ ಹಬೆಯೇ ಇರಬೇಕು ಅಜ್ಜಿ ಎಂದು ಹೇಳಿ ಹೋದ. ಹಬೆಗಿಂತ ಆ ಅಜ್ಜಿ ಎಂಬುದೇ ಅವಳನ್ನು ಹೆಚ್ಚು ಸುಟ್ಟಿತು. ನೇರ ಮೇಲೆ ಹೋಗಿ ತ್ರಿಫೋನಣ್ಣನನ್ನು ಸುಳ್ಳುಗಾರ ಅಂದುಬಂದಳು.

ಅಲ್ಲಿಗೆ ಕಾಫಿ ನಿಂತಿತು. ಅವಳು ಗಂಟೆ ಒತ್ತಿದರೆ ಬಾಗಿಲೂ ತೆರೆಯಲಿಲ್ಲ. ಸೋರುವುದು ಮಾತ್ರ ಮರುದಿನವೇ ಮತ್ತೆ ಶುರುವಾಯಿತು. ಸಂಧಾನಕ್ಕೆಂದು ನಾನೊಮ್ಮೆ ಹೋದೆ. ಬಚ್ಚಲಿನ ವಿಷಯ ಎತ್ತಲು ಸಂಕೋಚವಾಗಿ, ಎರಡು ಲೋಟ ವೈನ್ ಕುಡಿದು, ಚಳಿಯನ್ನು ಬೈದು ಬಂದೆ.

ಫೆಬ್ರವರಿಯಲ್ಲಿ ಸಂತ ತ್ರಿಫೋನನ ದಿನ ಬಂತು. ಅಂದರೆ ನಮ್ಮ ತ್ರಿಫೋನಣ್ಣನ ಹೆಸರಿನ ಹಬ್ಬ. ಹೆಸರಿನ ಹಬ್ಬಕ್ಕೆ ಯಾರೂ ಯಾರನ್ನೂ ಕರೆಯುವುದಿಲ್ಲ, ಜನ ತಾವಾಗಿಯೇ ಬರುತ್ತಾರೆ. ಬಂದವರು ಹಗೆಯವರೇ ಆದರೂ ಬಾಗಿಲು ಹಾಕುವಂತಿಲ್ಲ. ಬೆಳಗ್ಗೆ ನಾನಿನ್ನೂ ಮುಖ ತೊಳೆದಿರಲಿಲ್ಲ, ಗಿನ್ಕಕ್ಕ ಮೆರೂನ್ ಕೋಟು ಹಾಕಿಕೊಂಡು, ವೈನ್ ಬಾಟಲಿ ಹಿಡಿದು ನನ್ನ ಬಾಗಿಲಲ್ಲಿ ನಿಂತಿದ್ದಳು.

"ಇಷ್ಟು ಬೇಗ ಯಾರು ಹೋಗ್ತಾರೆ ಗಿನ್ಕಕ್ಕ?" ಅಂದೆ.

"ಅವನು ಮನೆ ಓರಣ ಮಾಡೋ ಮೊದಲು ನೋಡಬೇಕು ಅನ್ನೋರು ಹೋಗ್ತಾರೆ. ಶರ್ಟು ಹಾಕ್ಕೋ."

ತ್ರಿಫೋನಣ್ಣ ಬಾಗಿಲು ತೆರೆದು ಬಾಟಲಿ ನೋಡಿದ, ಅವಳನ್ನು ನೋಡಿದ. ನಿನ್ನ ಹೆಸರು ನೂರು ಕಾಲ ಬಾಳಲಿ ಎಂದು ಅವಳು ಹರಸಿದಳು. ಹಲ್ಲು ಕೀಳುವವನನ್ನು ಬರಮಾಡಿಕೊಳ್ಳುವ ಮುಖದಲ್ಲಿ ಅವನು ಒಳಗೆ ಕರೆದ. ಉಪ್ಪುನೀರಲ್ಲಿ ಹುಳಿ ಬರಿಸಿದ ಎಲೆಕೋಸನ್ನು ಹೆಚ್ಚಿ, ಮೇಲೆ ಕೆಂಪು ಮೆಣಸಿನ ಪುಡಿ ಉದುರಿಸಿ ತಂದಿಟ್ಟ. ಗಿನ್ಕಕ್ಕ ತಿಂದು, ಹೊಗಳಿ, ಕೈ ತೊಳೆಯಬೇಕು ಎಂದು ಎದ್ದಳು. ಅವನೂ ಎದ್ದ.

"ಅಡುಗೆಮನೇಲಿ ತೊಳ್ಕೋ."

"ಹಬ್ಬಕ್ಕೆ ಬಂದವಳನ್ನ ಪಾತ್ರೆ ತೊಳೆಯೋ ಕಡೆ ಕಳಿಸ್ತೀಯಾ?" ಎಂದವಳೇ ಬಚ್ಚಲ ಬಾಗಿಲು ನೂಕಿದಳು.

ಶವರಿನ ಕೆಳಗೆ, ಕಾಲಿಡುವ ಪ್ಲಾಸ್ಟಿಕ್ ತೊಟ್ಟಿಯಲ್ಲಿ, ನನ್ನ ಎದೆಮಟ್ಟದ ನೀಲಿ ಪೀಪಾಯಿ ಕೂತಿತ್ತು. ತುಂಬ ಚಳಿಗಾಲಕ್ಕೆಂದು ಹಾಕಿಟ್ಟ ಎಲೆಕೋಸು, ಉಪ್ಪುನೀರು. ಬಾಲ್ಕನಿಯಲ್ಲಿ ಹೆಪ್ಪುಗಟ್ಟೀತೆಂದು ಜನವರಿಯಲ್ಲಿ ಒಳಗೆ ತಂದಿಟ್ಟು, ಅದರ ಪಕ್ಕದಲ್ಲೇ ಒಂಟಿಕಾಲಲ್ಲಿ ನಿಂತು ಸ್ನಾನ ಮಾಡುತ್ತಿದ್ದನಂತೆ. ಹೊರಗಿನವರು ನೋಡಿದರೆ ನಾಚಿಕೆಯೆಂದು, ಕೊಳಾಯಿಯವನು ಬರುವ ಮುಂಚೆ ಉಪ್ಪುನೀರನ್ನು ಬಕೆಟ್ಟುಗಳಿಗೆ ಬಸಿದು ಪೀಪಾಯಿಯನ್ನು ಮಲಗುವ ಕೋಣೆಗೆ ಉರುಳಿಸಿದ್ದ. ಸಂಜೆ ಮತ್ತೆ ತೊಟ್ಟಿಗೇ ತಂದಿಟ್ಟಿದ್ದ.

ಗಿನ್ಕಕ್ಕ ಬಗ್ಗಿ, ತೊಟ್ಟಿ ಗೋಡೆಗೆ ಸೇರುವಲ್ಲಿ ಬೆರಳಿಟ್ಟಳು. ಬೆರಳು ಒಳಗೆ ಹೋಯಿತು. ಭಾರಕ್ಕೆ ತೊಟ್ಟಿ ಒಂದು ಕಡೆ ಕುಸಿದು ಸಂದು ಬಾಯಿ ಬಿಟ್ಟಿತ್ತು. ನಾವಿಬ್ಬರು ಗಂಡಸರು ಪೀಪಾಯಿ ಎಳೆದು ಹೊರಗಿಟ್ಟೆವು. ಸಂದು ಮುಚ್ಚಿಕೊಂಡಿತು.

"ಈಗ ನೀನು ಹತ್ತು," ಅಂದಳು ನನಗೆ.

ಹತ್ತಿದೆ. ಸಂದು ಮತ್ತೆ ಬಾಯಿ ಬಿಟ್ಟಿತು. ಪೀಪಾಯಿಗಿಂತ ಒಂದು ಕೂದಲೆಳೆ ಅಗಲವಾಗಿಯೇ ಬಿಟ್ಟಿತೆಂದು ನನ್ನ ಅನುಮಾನ. ಅವರಿಬ್ಬರೂ ದೊಡ್ಡ ಮನಸ್ಸು ಮಾಡಿ ಏನೂ ಹೇಳಲಿಲ್ಲ.

"ನಾನು ಸುಳ್ಳು ಹೇಳಿರಲಿಲ್ಲ ಗಿನ್ಕಾ," ಅಂದ ತ್ರಿಫೋನಣ್ಣ. "ಅವತ್ತು ನಿಜವಾಗ್ಲೂ ಸೋರಲಿಲ್ಲ."

"ಹೌದು. ಸುಳ್ಳುಗಾರ ಅಂದಿದ್ದು ನನ್ನ ತಪ್ಪು," ಅಂದಳು ಅವಳು. "ಪೆದ್ದ ಅನ್ನಬೇಕಿತ್ತು."

ಅವನು ಸ್ವಲ್ಪ ಯೋಚಿಸಿ, ಇದು ನ್ಯಾಯವೇ ಎಂಬಂತೆ ತಲೆಯಾಡಿಸಿ, ವೈನ್ ಸುರಿದ.

ಪೀಪಾಯಿ ಈಗ ಗಿನ್ಕಕ್ಕನ ಗಾಜು ಮುಚ್ಚಿದ ಬಾಲ್ಕನಿಯಲ್ಲಿದೆ. ತೊಟ್ಟಿಯ ಕೆಳಗೆ ಆಸರೆ ಕೊಟ್ಟು ಸಂದು ಮುಚ್ಚಿಸಿದ್ದಾಯಿತು. ಚಾವಣಿ ಒಣಗಿದ ಮೇಲೆ ತ್ರಿಫೋನಣ್ಣನೇ ಬಂದು ಗಾರೆ ಮೆತ್ತಿದ, ನಾನು ಏಣಿ ಹಿಡಿದೆ, ಅವಳು ಎಡಕ್ಕೆ, ಬಲಕ್ಕೆ ಎನ್ನುತ್ತ ನಿಂತಳು. ಕೆಲಸ ಮುಗಿದಾಗ ಏಣಿ ಹತ್ತಿ ಕೈಯಾಡಿಸಿ ನೋಡಿ, ಕಿಟಕಿ ಕಡೆ ಮೂಲೆ ಇನ್ನೂ ತಗ್ಗಿದೆ, ನಾಳೆ ಬೆಳಗ್ಗೆ ಕಾಫಿ ಹೊತ್ತಿಗೆ ಬಾ ಎಂದು ಅವನಿಗೆ ಹೇಳಿದಳು. ನನ್ನ ಕಣ್ಣಿಗೆ ಆ ಮೂಲೆ ಸರಿಯಾಗೇ ಇತ್ತು. ನನ್ನನ್ನು ಯಾರೂ ಕೇಳಲಿಲ್ಲ.