ಬಂದೂಕಿನ ಕಪಾಟಿನ ಕೀಲಿಕೈ

ಗುಂಡು ಹಾರಿಸಲಿಕ್ಕೆ ನಿಮ್ಮ ಜಮೀನು ಎಲ್ಲಿದೆ ಎಂದು ಪೊಲೀಸರ ಕಡೆಯಿಂದ ಬಂದ ಹೆಂಗಸು ನನ್ನ ಸೊಸೆ ಸವಿತಾಳನ್ನು ಕೇಳಿದಳು. ಈ ಪರದೇಶದಲ್ಲಿ, ಗ್ರೀನ್‌ಫರ್ಡ್‌ನ ನಮ್ಮ ಫ್ಲಾಟಿನಲ್ಲಿ ಕೊತ್ತಂಬರಿ ಬಿತ್ತಲಿಕ್ಕೂ ಮಣ್ಣಿಲ್ಲ. ಸವಿತಾ ತಾನು ಗುರಿ ಹೊಡೆಯುವ ಕ್ಲಬ್ಬಿನ ಪತ್ರ ತೋರಿಸಿದಳು. ಸ್ವಂತ ರೈಫಲ್ಲಿನ ಲೈಸೆನ್ಸಿಗಾಗಿ ಅವಳು ತಿಂಗಳುಗಟ್ಟಲೆ ಕಾದಿದ್ದಳು. ಆ ಹೆಂಗಸು ಪತ್ರ ಒಪ್ಪಿಕೊಂಡು, ಬಂದೂಕು ಇಡುವ ಉಕ್ಕಿನ ಕಪಾಟು ತೆರೆಯಿರಿ ಎಂದಳು.

ಸೊಸೆ ನನ್ನ ಮುಖ ನೋಡಿದಳು. ಮನೆಯ ಎಲ್ಲ ಕೀಲಿಕೈಗಳಂತೆ ಅದೂ ನನ್ನ ಸೊಂಟದ ಗೊಂಚಲಿನಲ್ಲಿತ್ತು. ಗೋಡೆಗೆ ಬಿಗಿದ ಗಟ್ಟಿ ಕಪಾಟು ಸುಮ್ಮನೆ ಖಾಲಿ ಇದೆಯೆಂದು ದೇವರ ಬೆಳ್ಳಿ ಸಾಮಾನನ್ನು ಅದರಲ್ಲಿಟ್ಟಿದ್ದೆ. ನಾನೇ ಹೋಗಿ ತೆರೆದೆ. ಆ ಹೆಂಗಸು ಬೆಳ್ಳಿ ನೋಡಲಿಲ್ಲ, ನನ್ನ ಸೊಂಟ ನೋಡಿ ಬರೆಯುವುದನ್ನು ನಿಲ್ಲಿಸಿ, ಸವಿತಾಳಿಗೆ ಏನೋ ಹೇಳಿದಳು.

“ಏನಂತಾಳ ಆಕಿ?”

“ಕೀಲಿಕೈ ನನ್ನ ಬಿಟ್ಟು ಯಾರ ಕೈಗೂ ಸಿಗಬಾರದಂತ್ರಿ ಅತ್ತಿ. ಹಿಂಗಾದ್ರ ಲೈಸೆನ್ಸ್ ಕೊಡಂಗಿಲ್ಲಂತ.”

“ನಾ ಏನ್ ಮಂದಿಗೆ ಗುಂಡು ಹೊಡೀತೀನೇನ?”

ಸವಿತಾ ನಗಲಿಲ್ಲ. ಕ್ಲಬ್ಬಿನ ಪತ್ರ ಮಡಚತೊಡಗಿದಳು. ನಾನು ಬೆಳ್ಳಿ ತೆಗೆದುಕೊಂಡು, ಗೊಂಚಲಿನಿಂದ ಆ ಒಂದು ಕೀಲಿಕೈ ಬಿಚ್ಚಿ ಅವಳ ಕೈಗೆ ಹಾಕಿದೆ.

ಲೈಸೆನ್ಸ್ ಬಂತು, ರೈಫಲ್ಲೂ ಬಂತು. ನನ್ನ ಅತ್ತೆ ಸತ್ತ ದಿನ ನನಗೆ ಮನೆಯ ಕೀಲಿಕೈ ಸಿಕ್ಕಿತ್ತು, ಇವಳಿಗೆ ನಾನು ಬದುಕಿರುವಾಗಲೇ ಒಂದನ್ನು ಕೊಟ್ಟೆ. ಕೊಟ್ಟದ್ದಕ್ಕೆ ದುಃಖವಿಲ್ಲ. ಆದರೆ ಆ ಕೀಲಿಕೈ ಎಲ್ಲಿ ಬಚ್ಚಿಟ್ಟಿದ್ದಾಳೋ ಎಂದು, ಜೋಳದ ಹಿಟ್ಟಿನ ಡಬ್ಬಿ ತೆರೆದರೂ ನನ್ನ ಕೈ ತಳದವರೆಗೆ ಹೋಗುತ್ತದೆ. ನನ್ನನ್ನೇ ಬೈದುಕೊಂಡು ಬರಿಗೈ ಹೊರಗೆ ತೆಗೆಯುತ್ತೇನೆ.